ಟೀಮ್ ಶೂಟರ್ ಆಟಗಳಲ್ಲಿ ಮತ್ತೆ ಮತ್ತೆ ಆಗುವ ತಪ್ಪುಗಳು, ಅವನ್ನು ಒಂದೊಂದಾಗಿ ತಿದ್ದಿಕೊಳ್ಳುವ ದಾರಿ

ರೌಂಡ್‌ನಲ್ಲಿ ಸತ್ತ ಕೂಡಲೇ ಬಾಯಿಗೆ ಬರುವ ಮೊದಲ ಮಾತು "ನನ್ನ ಏಮ್ ಸರಿ ಇಲ್ಲ" ಅಂತ. ಆಮೇಲೆ ಪ್ರಾಕ್ಟೀಸ್ ಮ್ಯಾಪ್‌ಗೆ ಹೋಗಿ ಗಂಟೆಗಟ್ಟಲೆ ಬಾಟ್‌ಗಳಿಗೆ (ಕಂಪ್ಯೂಟರ್ ಆಡಿಸುವ ಎದುರಾಳಿಗಳಿಗೆ) ಗುಂಡು ಹೊಡೆಯುತ್ತೇವೆ. ರ‍್ಯಾಂಕ್ ಮಾತ್ರ ಇದ್ದಲ್ಲೇ ಇರುತ್ತದೆ. ನಾನೂ ತುಂಬಾ ದಿನ ಹೀಗೇ ಮಾಡಿದೆ. ಕೊನೆಗೆ ಒಂದು ವಾರ ನನ್ನದೇ ಆಟಗಳ ರೆಕಾರ್ಡಿಂಗ್ ನೋಡಿದಾಗ ಗೊತ್ತಾಯಿತು: ಹೆಚ್ಚಿನ ಸಾವುಗಳು ಗುಂಡು ಹಾರುವ ಮೊದಲೇ ತೀರ್ಮಾನ ಆಗಿರುತ್ತಿದ್ದವು. ನಿಂತ ಜಾಗ ತಪ್ಪು, ಹೊರಗೆ ಇಣುಕಿದ ಹೊತ್ತು ತಪ್ಪು, ಜೊತೆಗೆ ಯಾರೂ ಇಲ್ಲ. ಆ ಸ್ಥಿತಿಯಲ್ಲಿ ಎಷ್ಟೇ ಒಳ್ಳೆಯ ಏಮ್ ಇದ್ದರೂ ಗೆಲ್ಲುವುದು ಕಷ್ಟ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಕೌಂಟರ್-ಸ್ಟ್ರೈಕ್ 2 ಮತ್ತು ವ್ಯಾಲರೆಂಟ್ ಥರದ 5 ಜನರ ಟ್ಯಾಕ್ಟಿಕಲ್ ಶೂಟರ್‌ಗಳಿಗೆ. ಇವುಗಳಲ್ಲಿ ಒಂದು ತಂಡ ಬಾಂಬ್ ಇಡಲು ಬರುತ್ತದೆ, ಇನ್ನೊಂದು ಕಾದು ತಡೆಯುತ್ತದೆ, ಸತ್ತವನು ಆ ರೌಂಡ್ ಮುಗಿಯುವವರೆಗೆ ಹೊರಗೆ. ಸತ್ತ ಮೇಲೆ ಮತ್ತೆ ಹುಟ್ಟಿ ಬರುವ ಓವರ್‌ವಾಚ್‌ನಂಥ ಆಟಗಳಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ. ಬೇರೆ ಆಗುವ ಕಡೆ ಹೇಳುತ್ತಾ ಹೋಗುತ್ತೇನೆ.

ಹಂತ 1: ಹೇಗೆ ಸತ್ತಿರಿ ಅಂತ ಬರೆದಿಡಿ

ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ನಿಮ್ಮ ತಪ್ಪು ಯಾವುದು ಅಂತ ಗೊತ್ತಿಲ್ಲದೆ ಉಳಿದ ಹಂತಗಳನ್ನು ಓದಿದರೆ ಎಲ್ಲವೂ ಸರಿ ಅನ್ನಿಸುತ್ತದೆ, ಒಂದನ್ನೂ ಮಾಡುವುದಿಲ್ಲ.

ಒಂದು ಹಾಳೆ ಅಥವಾ ಫೋನ್‌ನ ನೋಟ್ಸ್ ತೆಗೆದುಕೊಳ್ಳಿ. ಮುಂದಿನ 5 ಆಟಗಳಲ್ಲಿ ಪ್ರತಿ ಸಲ ಸತ್ತಾಗಲೂ ಎರಡೇ ಎರಡು ಪದ ಬರೆಯಿರಿ. "ಒಬ್ಬನೇ ಇದ್ದೆ", "ಓಡುತ್ತಾ ಹೊಡೆದೆ", "ರೀಲೋಡ್ ಮಾಡ್ತಿದ್ದೆ", "ಹಿಂದಿನಿಂದ ಬಂದ", "ಮತ್ತೆ ಇಣುಕಿದೆ", "ಫ್ಲ್ಯಾಶ್ ಆಗಿತ್ತು" (ಎದುರಾಳಿಯ ಫ್ಲ್ಯಾಶ್ ಸಿಡಿದು ಕಣ್ಣು ಕಾಣುತ್ತಿರಲಿಲ್ಲ), ಹೀಗೆ. ಎದುರಾಳಿ ನಿಜವಾಗಿಯೂ ಚೆನ್ನಾಗಿ ಹೊಡೆದು ಕೊಂದಿದ್ದರೆ ಅದನ್ನೂ ಬರೆಯಿರಿ, ಅದಕ್ಕೆ ನೀವೇನೂ ಮಾಡಲಾಗದು. 5 ಆಟ ಮುಗಿಯುವಷ್ಟರಲ್ಲಿ ಕಡಿಮೆ ಅಂದರೂ ಐವತ್ತು ಸಾಲು ಆಗಿರುತ್ತವೆ. ಅದರಲ್ಲಿ ಒಂದೆರಡು ಕಾರಣಗಳು ಎದ್ದು ಕಾಣುತ್ತವೆ. ನನ್ನ ಪಟ್ಟಿಯಲ್ಲಿ "ಒಬ್ಬನೇ ಇದ್ದೆ" ಅನ್ನುವುದು ಪುಟದ ತುಂಬಾ ಇತ್ತು, ಏಮ್ ಬಗ್ಗೆ ಬರೆದ ಸಾಲುಗಳು ಬೆರಳಲ್ಲಿ ಎಣಿಸುವಷ್ಟು.

ಆ ಒಂದು ಕಾರಣವನ್ನು ಹಿಡಿದುಕೊಳ್ಳಿ. ಮುಂದಿನ ಎರಡು ವಾರ ಅದೊಂದೇ ನಿಮ್ಮ ಕೆಲಸ.

ಹಂತ 2: ಸೆಟ್ಟಿಂಗ್ಸ್ ಒಮ್ಮೆ ಸರಿ ಮಾಡಿ, ಆಮೇಲೆ ಮುಟ್ಟಬೇಡಿ

144 ಹರ್ಟ್ಸ್ ಮಾನಿಟರ್ ತಂದು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅದನ್ನು 60ಕ್ಕೇ ಬಿಟ್ಟಿರುವವರು ತುಂಬಾ ಜನ ಇದ್ದಾರೆ. 60 ಹರ್ಟ್ಸ್‌ನಲ್ಲಿ ಹೊಸ ಚಿತ್ರ ಬರುವುದು ಸುಮಾರು 16.7 ಮಿಲಿಸೆಕೆಂಡ್‌ಗೆ ಒಮ್ಮೆ, 144ರಲ್ಲಿ ಸುಮಾರು 6.9ಕ್ಕೆ ಒಮ್ಮೆ. ಈಗಲೇ ಹೋಗಿ ನೋಡಿ.

ಮೌಸ್ ಆಕ್ಸಲರೇಷನ್ ಆಫ್ ಇರಲಿ. ವಿಂಡೋಸ್‌ನಲ್ಲಿ "ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಶನ್" ಅನ್ನುವ ಹೆಸರಿನಲ್ಲಿ ಇರುತ್ತದೆ. ಇನ್ನು ಸೆನ್ಸಿಟಿವಿಟಿ, ಅಂದರೆ ಮೌಸ್ ಅಲುಗಿದಷ್ಟಕ್ಕೆ ಆಟದಲ್ಲಿ ನೋಟ ಎಷ್ಟು ತಿರುಗುತ್ತದೆ ಅನ್ನುವುದು. ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಜನ ಅದನ್ನು ತೀರಾ ಜಾಸ್ತಿ ಇಟ್ಟುಕೊಂಡಿರುತ್ತಾರೆ ಅನ್ನುವುದು ನನ್ನ ಅಂದಾಜು. ಮಣಿಕಟ್ಟು ಸ್ವಲ್ಪ ಅಲುಗಿದರೂ ಕ್ರಾಸ್‌ಹೇರ್ (ಪರದೆಯ ನಡುವಿನ ಗುರಿ ಗುರುತು) ಎದುರಾಳಿಯ ತಲೆಯನ್ನು ದಾಟಿ ಹೋಗುತ್ತದೆ. ವ್ಯಾಲರೆಂಟ್‌ನಲ್ಲಿ 800 ಡಿಪಿಐ (ಮೌಸ್‌ನ ಸ್ವಂತ ವೇಗದ ಅಳತೆ), 0.35 ಸೆನ್ಸಿಟಿವಿಟಿಯಿಂದ ಶುರು ಮಾಡಿ. ಎರಡನ್ನೂ ಗುಣಿಸಿದರೆ 280, ಇದನ್ನೇ ಇಡಿಪಿಐ ಅನ್ನುತ್ತಾರೆ. ಇದರಲ್ಲಿ ಪೂರ್ತಿ ಒಂದು ಸುತ್ತು ತಿರುಗಲು ಮೌಸನ್ನು ಸುಮಾರು 47 ಸೆಂಟಿಮೀಟರ್ ಎಳೆಯಬೇಕು. ಮೊದಲ ಎರಡು ದಿನ ತುಂಬಾ ನಿಧಾನ ಅನ್ನಿಸುತ್ತದೆ, ತೋಳು ಪೂರ್ತಿ ಬಳಸುವುದನ್ನು ಕಲಿಯುತ್ತೀರಿ, ಆಮೇಲೆ ಸರಿಹೋಗುತ್ತದೆ. ಇದೇ ವೇಗ ಕೌಂಟರ್-ಸ್ಟ್ರೈಕ್‌ನಲ್ಲೂ ಬೇಕಿದ್ದರೆ ವ್ಯಾಲರೆಂಟ್ ಸಂಖ್ಯೆಯನ್ನು 3.18ರಿಂದ ಗುಣಿಸಿ.

ಇಲ್ಲಿ ನಿಜವಾದ ತಪ್ಪು ಏನೆಂದರೆ ಸೋತಾಗಲೆಲ್ಲ ಸೆನ್ಸಿಟಿವಿಟಿ ಬದಲಾಯಿಸುವುದು. ಕೈಗೆ ಒಂದು ಅಳತೆ ಕೂರಬೇಕಾದರೆ ವಾರಗಳು ಬೇಕು. ದಿನಕ್ಕೊಂದು ಸಂಖ್ಯೆ ಕೊಟ್ಟರೆ ಅದು ಯಾವುದನ್ನು ಕಲಿಯಬೇಕು?

ಸೌಂಡ್ ಬಗ್ಗೆ ಒಂದು ಮಾತು. ಆಟದೊಳಗಿನ ಎಚ್‌ಆರ್‌ಟಿಎಫ್ (ಸದ್ದಿನ ದಿಕ್ಕು ಹೆಡ್‌ಸೆಟ್‌ನಲ್ಲಿ ಗೊತ್ತಾಗುವಂತೆ ಮಾಡುವ ಆಯ್ಕೆ) ಆನ್ ಮಾಡಿದ್ದರೆ ವಿಂಡೋಸ್‌ನ ಸ್ಪೇಶಿಯಲ್ ಸೌಂಡ್, ಹೆಡ್‌ಸೆಟ್‌ನ 7.1 ಸಾಫ್ಟ್‌ವೇರ್ ಎರಡನ್ನೂ ಆಫ್ ಮಾಡಿ. ಒಂದರ ಮೇಲೊಂದು ಸೇರಿದರೆ ಹೆಜ್ಜೆ ಸದ್ದು ಯಾವ ಕಡೆಯಿಂದ ಬಂತು ಅನ್ನುವುದೇ ಕಲಸಿಹೋಗುತ್ತದೆ. ಇಂಟರ್‌ನೆಟ್ ಸಾಧ್ಯವಾದರೆ ಕೇಬಲ್‌ನಲ್ಲೇ ಇರಲಿ. ವೈಫೈನಲ್ಲಿ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು) ಕಡಿಮೆ ತೋರಿಸಿದರೂ ನಡುನಡುವೆ ಜಿಗಿಯುತ್ತದೆ, ಆ ಜಿಗಿತವೇ ನಿಮ್ಮನ್ನು ಸಾಯಿಸುವುದು.

ಹಂತ 3: ಕ್ರಾಸ್‌ಹೇರ್ ಎಲ್ಲಿರಬೇಕು

ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು. ಇದನ್ನು ಅಭ್ಯಾಸದಿಂದ ಸ್ವಲ್ಪ ಮಾತ್ರ ಇಳಿಸಬಹುದು. ಆದರೆ ಎದುರಾಳಿ ಕಂಡ ಮೇಲೆ ಮೌಸ್ ಎಷ್ಟು ದೂರ ಎಳೆಯಬೇಕು ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ಕ್ರಾಸ್‌ಹೇರ್ ಮೊದಲೇ ಅವನ ತಲೆ ಬರುವ ಜಾಗದಲ್ಲಿ ಇದ್ದರೆ ಎಳೆಯಬೇಕಾದ್ದು ಒಂದು ಕೂದಲಿನಷ್ಟು.

ಹೆಚ್ಚಿನವರು ನಡೆಯುವಾಗ ನೆಲ ನೋಡಿಕೊಂಡು ನಡೆಯುತ್ತಾರೆ. ಎದುರಾಳಿ ಬಂದಾಗ ಕ್ರಾಸ್‌ಹೇರ್ ಮೇಲೆತ್ತಬೇಕು, ಆಮೇಲೆ ಪಕ್ಕಕ್ಕೆ ಒಯ್ಯಬೇಕು, ಅಷ್ಟರಲ್ಲಿ ಕಥೆ ಮುಗಿದಿರುತ್ತದೆ. ಇದನ್ನು ತಿದ್ದುವುದು ಹೀಗೆ: ಖಾಲಿ ಕಸ್ಟಮ್ ಮ್ಯಾಪ್‌ಗೆ ಒಬ್ಬರೇ ಹೋಗಿ. ಓಡಬೇಡಿ, ನಡೆಯಿರಿ. ಪ್ರತಿ ಮೂಲೆಯಲ್ಲೂ "ಇಲ್ಲಿ ಒಬ್ಬ ನಿಂತಿದ್ದರೆ ಅವನ ತಲೆ ಎಲ್ಲಿ ಬರುತ್ತೆ" ಅಂತ ಕೇಳಿಕೊಂಡು ಕ್ರಾಸ್‌ಹೇರನ್ನು ಅಲ್ಲಿಗೆ ಒಯ್ಯಿರಿ. ಗೋಡೆಯ ಮೇಲಿನ ಗೆರೆ, ಪೆಟ್ಟಿಗೆಯ ಅಂಚು, ಬಾಗಿಲ ಚಿಲಕ, ಏನಾದರೂ ಒಂದು ಗುರುತು ಆ ಎತ್ತರದಲ್ಲಿ ಸಿಕ್ಕೇ ಸಿಗುತ್ತದೆ. ಮೆಟ್ಟಿಲು, ಇಳಿಜಾರು ಇರುವ ಕಡೆ ಹುಷಾರು, ಅಲ್ಲಿ ತಲೆಯ ಎತ್ತರ ಬದಲಾಗುತ್ತದೆ. ದಿನಕ್ಕೆ ಒಂದು ಮ್ಯಾಪ್, ಹತ್ತು ನಿಮಿಷ ಸಾಕು.

ಇನ್ನೊಂದು ಸೂಕ್ಷ್ಮ ಇದೆ. ಕ್ರಾಸ್‌ಹೇರನ್ನು ಗೋಡೆಯ ಅಂಚಿಗೆ ತೀರಾ ಅಂಟಿಸಿ ಇಡಬೇಡಿ. ಎದುರಾಳಿ ಓಡಿ ಹೊರಗೆ ಬಂದರೆ ನೀವು ಕ್ಲಿಕ್ ಮಾಡುವಷ್ಟರಲ್ಲಿ ಅವನು ಅಂಚು ದಾಟಿರುತ್ತಾನೆ. ಅವನು ವೇಗವಾಗಿ ಬರುತ್ತಾನೆ ಅನ್ನಿಸಿದರೆ ಸ್ವಲ್ಪ ಜಾಗ ಬಿಟ್ಟು ಕಾಯಿರಿ.

ಹಂತ 4: ನಿಂತು ಹೊಡೆಯಿರಿ

ಈ ಎರಡು ಆಟಗಳಲ್ಲೂ ರೈಫಲ್ ಹಿಡಿದು ಓಡುತ್ತಾ ಹೊಡೆದರೆ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು, ಆದರೂ ಗಾಬರಿಯಲ್ಲಿ ಬೆರಳು ಕೀ ಬಿಡುವುದಿಲ್ಲ. ಕೌಂಟರ್-ಸ್ಟ್ರೈಕ್‌ನಲ್ಲಿ ಕೀ ಬಿಟ್ಟರೂ ಆಟಗಾರ ಸ್ವಲ್ಪ ಜಾರುತ್ತಾ ಹೋಗಿ ನಿಲ್ಲುತ್ತಾನೆ. ಅದಕ್ಕೇ ಕೌಂಟರ್ ಸ್ಟ್ರೇಫ್ ಬೇಕು: ಡಿ ಒತ್ತಿ ಬಲಕ್ಕೆ ಹೋಗುತ್ತಿದ್ದರೆ ಡಿ ಬಿಟ್ಟು ಎ ಕೀಯನ್ನು ಒಂದು ಕ್ಷಣ ತಟ್ಟಿ. ತಕ್ಷಣ ನಿಲ್ಲುತ್ತೀರಿ, ಆ ಗಳಿಗೆಯಲ್ಲೇ ಹೊಡೆಯಬೇಕು. ವ್ಯಾಲರೆಂಟ್‌ನಲ್ಲಿ ಕೀ ಬಿಟ್ಟರೂ ಬೇಗ ನಿಲ್ಲುತ್ತೀರಿ, ಆದರೂ ಈ ಅಭ್ಯಾಸ ಇದ್ದರೆ ಒಳ್ಳೆಯದು.

ಕೆಲವು ಕೀಬೋರ್ಡ್‌ಗಳು ಇದನ್ನು ತಾವೇ ಮಾಡಿಕೊಡುವ ಸೌಲಭ್ಯದೊಂದಿಗೆ ಬರುತ್ತವೆ. 2024ರ ಆಗಸ್ಟ್‌ನಲ್ಲಿ ಕೌಂಟರ್-ಸ್ಟ್ರೈಕ್ ತಯಾರಿಸುವ ವಾಲ್ವ್ ತನ್ನ ಅಧಿಕೃತ ಸರ್ವರ್‌ಗಳಲ್ಲಿ ಅದನ್ನು ನಿಷೇಧಿಸಿತು, ಬಳಸಿದರೆ ಪಂದ್ಯದಿಂದ ಹೊರಗೆ ಹಾಕುತ್ತದೆ. ಅಂಥ ಕೀಬೋರ್ಡ್ ಇದ್ದರೆ ಆಡುವ ಮೊದಲು ಆ ಆಯ್ಕೆ ಆಫ್ ಮಾಡಿ. ಕೈಯಿಂದ ಕಲಿಯಲು ಒಂದು ವಾರ ಸಾಕು. ಬಾಟ್ ಮುಂದೆ ನಿಂತು ಬಲ, ನಿಲ್ಲು, ಒಂದು ಗುಂಡು. ಎಡ, ನಿಲ್ಲು, ಒಂದು ಗುಂಡು. ವೇಗ ಬೇಡ, ತಾಳ ಇರಲಿ.

ಸ್ಪ್ರೇ, ಅಂದರೆ ಬಿಡದೆ ಒಂದೇ ಸಮನೆ ಗುಂಡು ಹಾರಿಸುವ ವಿಚಾರದಲ್ಲೂ ಗಾಬರಿಯೇ ಶತ್ರು. ಹತ್ತಿರ ಇದ್ದರೆ ಸ್ಪ್ರೇ ಮಾಡಿ, ಮೌಸನ್ನು ಕೆಳಗೆ ಎಳೆಯುತ್ತಾ ಹೋಗಿ. ದೂರ ಇದ್ದರೆ ಎರಡು ಮೂರು ಗುಂಡು ಹೊಡೆದು, ಒಂದು ಹೆಜ್ಜೆ ಸರಿದು, ಮತ್ತೆ ಎರಡು ಮೂರು. ಗನ್ ಯಾವುದು ಅನ್ನುವುದೂ ತಲೆಯಲ್ಲಿರಲಿ. ಕೌಂಟರ್-ಸ್ಟ್ರೈಕ್‌ನಲ್ಲಿ ಎಕೆ-47 ಹೆಲ್ಮೆಟ್ ಇದ್ದವನನ್ನೂ ಒಂದೇ ಹೆಡ್‌ಶಾಟ್‌ಗೆ ಬೀಳಿಸುತ್ತದೆ, ಎಂ4 ಬೀಳಿಸುವುದಿಲ್ಲ. ವ್ಯಾಲರೆಂಟ್‌ನ ವ್ಯಾಂಡಲ್ ರೈಫಲ್‌ನ ಹೆಡ್‌ಶಾಟ್ ಪೆಟ್ಟು ಎಷ್ಟು ದೂರದಿಂದಲೂ 160. ಪೂರ್ತಿ ಶೀಲ್ಡ್ ಇರುವವನ ಜೀವ, ಶೀಲ್ಡ್ ಸೇರಿ 150. ಅದೇ ಆಟದ ಫ್ಯಾಂಟಮ್ ರೈಫಲ್ ಹಾಗಲ್ಲ, ದೂರ ಜಾಸ್ತಿ ಆದಂತೆ ಪೆಟ್ಟು ಕಡಿಮೆ ಆಗುತ್ತದೆ. ಉದ್ದ ಗಲ್ಲಿಯಲ್ಲಿ ಫ್ಯಾಂಟಮ್ ಹಿಡಿದು ಒಂದು ಗುಂಡು ಹೊಡೆದು ಸುಮ್ನೆ ನಿಂತರೆ ಅವನು ತಿರುಗಿ ನಿಮ್ಮನ್ನೇ ಕೊಲ್ಲುತ್ತಾನೆ.

ಹಂತ 5: ಇಣುಕುವ ಕಲೆ

ನನ್ನ ಪ್ರಕಾರ ಅತಿ ಹೆಚ್ಚು ಸಾವುಗಳು ಹುಟ್ಟುವುದು ಇಲ್ಲೇ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೇ ತಪ್ಪು, ಒಂದೇ ಸಲಕ್ಕೆ ಎರಡು ಮೂರು ಕಡೆಗೆ ಮೈ ತೆರೆಯುವುದು. ಸೈಟ್‌ನ (ಬಾಂಬ್ ಇಡುವ ಜಾಗದ) ಒಳಗೆ ಮೂರು ಜಾಗಗಳಲ್ಲಿ ಎದುರಾಳಿ ಇರಬಹುದು ಅಂತಿಟ್ಟುಕೊಳ್ಳಿ. ನೀವು ಬಾಗಿಲಿನಿಂದ ನೇರ ಒಳಗೆ ಓಡಿದರೆ ಮೂವರಿಗೂ ಕಾಣುತ್ತೀರಿ, ನೀವು ನೋಡುವುದು ಒಬ್ಬನನ್ನೇ. ಹಾಗೆ ಮಾಡದೆ ಅಂಚನ್ನು ಕೇಂದ್ರ ಮಾಡಿಕೊಂಡು ಪಕ್ಕಕ್ಕೆ ಸ್ವಲ್ಪ ಸ್ವಲ್ಪವೇ ಸರಿಯಿರಿ. ದೋಸೆಯನ್ನು ತುಂಡು ತುಂಡಾಗಿ ಕತ್ತರಿಸಿದ ಹಾಗೆ, ಒಂದು ಕೋನ ನೋಡಿ ಮುಗಿದ ಮೇಲೆ ಮುಂದಿನದು. ಪ್ರತಿ ಹೆಜ್ಜೆಗೂ ಒಬ್ಬನೇ ಎದುರಾಳಿ ಕಾಣುವ ಹಾಗಿರಬೇಕು.

ಎರಡನೇದು, ಗೋಡೆಗೆ ಅಂಟಿಕೊಂಡು ಇಣುಕುವುದು. ಅಂಚಿನಿಂದ ದೂರ ಇರುವವನಿಗೆ ಹತ್ತಿರ ಇರುವವನು ಮೊದಲು ಕಾಣುತ್ತಾನೆ. ಗೋಡೆಗೆ ಭುಜ ತಾಗಿಸಿ ನಿಂತರೆ ನಿಮ್ಮ ಕಣ್ಣಿಗೆ ಅವನು ಕಾಣುವ ಮೊದಲೇ ನಿಮ್ಮ ಭುಜ ಅವನಿಗೆ ಕಂಡಿರುತ್ತದೆ. ಜಾಗ ಇದ್ದರೆ ಎರಡು ಮೂರು ಹೆಜ್ಜೆ ಹಿಂದೆ ಸರಿದು ಇಣುಕಿ.

ಮೂರನೇದು, ನಿಂತು ಕಾಯುವವನಿಗೇ ಯಾವಾಗಲೂ ಲಾಭ ಅಂದುಕೊಳ್ಳುವುದು. ಆನ್‌ಲೈನ್ ಆಟದಲ್ಲಿ ಒಬ್ಬ ಸರಿದು ಹೊರಗೆ ಬಂದದ್ದು ಸರ್ವರ್‌ಗೆ ಹೋಗಿ, ಅಲ್ಲಿಂದ ನಿಮ್ಮ ಸ್ಕ್ರೀನ್‌ಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಹೊರಗೆ ಬಂದವನು ನಿಮ್ಮನ್ನು ಆಗಲೇ ನೋಡುತ್ತಿರುತ್ತಾನೆ. ಇದಕ್ಕೆ ಪೀಕರ್ಸ್ ಅಡ್ವಾಂಟೇಜ್ ಅನ್ನುತ್ತಾರೆ. ಎಲ್ಲರೂ ಕಾಯುವ ಜಾಗದಲ್ಲೇ ನೀವೂ ಕಾದರೆ ಎದುರಾಳಿಯ ಕ್ರಾಸ್‌ಹೇರ್ ಅಲ್ಲಿಗೇ ಬಂದಿರುತ್ತದೆ, ಈ ಲಾಭವೂ ಅವನಿಗೇ. ಕಾಯಲೇಬೇಕು ಅಂದರೆ ಅವನು ನಿರೀಕ್ಷಿಸದ ಜಾಗದಲ್ಲಿ ನಿಲ್ಲಿ, ಅಥವಾ ಸಾಧ್ಯವಾದಷ್ಟು ದೂರದಿಂದ ಹಿಡಿಯಿರಿ. ಒಂದು ಕೊಂದ ಮೇಲೆ ಜಾಗ ಬದಲಾಯಿಸಿ.

ನಾಲ್ಕನೇದು ನನ್ನ ಹಳೇ ರೋಗ: ಮತ್ತೆ ಇಣುಕುವುದು. ಸ್ನೈಪರ್ ಒಂದು ಗುಂಡು ಹೊಡೆದ, ತಪ್ಪಿತು, ನಾವು ಒಳಗೆ ಬಂದೆವು, ಈಗ ಅವನು ಎಲ್ಲಿದ್ದಾನೆ ಅಂತ ಗೊತ್ತಾಯಿತು ಅನ್ನುವ ಹುಮ್ಮಸ್ಸಿನಲ್ಲಿ ಅದೇ ಜಾಗದಿಂದ, ಅದೇ ಎತ್ತರದಲ್ಲಿ ಮತ್ತೆ ತಲೆ ಹೊರಗೆ ಹಾಕುತ್ತೇವೆ, ಅವನು ಅದಕ್ಕೇ ಕಾದಿರುತ್ತಾನೆ. ನಿಯಮ ಸರಳ. ಅದೇ ಕೋನದಿಂದ ಎರಡನೇ ಸಲ ನೋಡಬೇಕಾದರೆ ಏನಾದರೂ ಒಂದು ಬದಲಾಗಿರಬೇಕು: ನಿಮ್ಮ ಫ್ಲ್ಯಾಶ್ ಹೋಗಿರಬೇಕು, ಜೊತೆಗಾರ ಇನ್ನೊಂದು ಕಡೆಯಿಂದ ಬಂದಿರಬೇಕು, ಅಥವಾ ಅವನು ರೀಲೋಡ್ ಮಾಡುವುದು ಕೇಳಿರಬೇಕು. ಇಲ್ಲದಿದ್ದರೆ ಆ ಕೋನ ಬಿಟ್ಟುಬಿಡಿ.

ರೀಲೋಡ್ ಅಂದಾಗ ನೆನಪಾಯಿತು. 30ರಲ್ಲಿ 22 ಗುಂಡು ಉಳಿದಿದ್ದರೂ ಒಬ್ಬನನ್ನು ಕೊಂದ ತಕ್ಷಣ ಆರ್ ಒತ್ತುವ ಅಭ್ಯಾಸ ಬಿಡಿ. ರೈಫಲ್ ರೀಲೋಡ್‌ಗೆ ಎರಡೂವರೆ ಸೆಕೆಂಡ್ ಹತ್ತಿರ ಬೇಕು, ಸತ್ತವನ ಹಿಂದೆ ಬರುತ್ತಿದ್ದವನಿಗೆ ಅಷ್ಟು ಸಾಕು. ಮೊದಲು ಮರೆಗೆ ಬನ್ನಿ, ಎರಡು ಕ್ಷಣ ಕಿವಿಗೊಡಿ, ಆಮೇಲೆ ರೀಲೋಡ್.

ಹಂತ 6: ಒಬ್ಬರೇ ಸಾಯಬೇಡಿ

ಐದು ಜನರ ಆಟದಲ್ಲಿ ಒಬ್ಬ ಸಾಯುವುದು ದೊಡ್ಡ ವಿಷಯ ಅಲ್ಲ. ಅವನನ್ನು ಕೊಂದವನು ಒಂದೆರಡು ಸೆಕೆಂಡ್ ಒಳಗೆ ಸತ್ತರೆ ಲೆಕ್ಕ ಸಮ. ಇದನ್ನೇ ಟ್ರೇಡ್ ಅನ್ನುವುದು. ಟ್ರೇಡ್ ಆಗದ ಸಾವು ಮಾತ್ರ ದುಬಾರಿ, 4 ಜನ 5 ಜನರ ಎದುರು ಉಳಿದ ರೌಂಡ್ ಪೂರ್ತಿ ಆಡಬೇಕಾಗುತ್ತದೆ.

ಹಾಗಾಗಿ ಮುಂದೆ ಹೋಗುವ ಮೊದಲು ಒಂದೇ ಪ್ರಶ್ನೆ: ನಾನು ಈಗ ಇಲ್ಲಿ ಸತ್ತರೆ ನನ್ನನ್ನು ಕೊಂದವನನ್ನು ಯಾರು ಕೊಲ್ಲುತ್ತಾರೆ? ಉತ್ತರ "ಯಾರೂ ಇಲ್ಲ" ಅಂತಾದರೆ ನಿಲ್ಲಿ. ಮಿನಿಮ್ಯಾಪ್ ನೋಡಿ, ಹತ್ತಿರದವನು ಬರುವವರೆಗೆ ಕಾಯಿರಿ. ಮೂರು ಸೆಕೆಂಡ್ ಕಾದರೆ ಏನೂ ಹೋಗುವುದಿಲ್ಲ.

ಎರಡನೆಯವರಾಗಿ ಹೋಗುವಾಗ ಅಂತರ ನೋಡಿಕೊಳ್ಳಿ. ತೀರಾ ಬೆನ್ನಿಗೆ ಅಂಟಿಕೊಂಡರೆ ಒಂದೇ ಸ್ಪ್ರೇಗೆ ಇಬ್ಬರೂ ಬೀಳುತ್ತೀರಿ, ಮುಂದಿನವನು ಹಿಂದೆ ಸರಿಯಲು ನೋಡಿದರೆ ನಿಮಗೇ ಡಿಕ್ಕಿ ಹೊಡೆಯುತ್ತಾನೆ. ತೀರಾ ದೂರ ಇದ್ದರೆ ನೀವು ಬರುವಷ್ಟರಲ್ಲಿ ಕೊಂದವನು ಮರೆಗೆ ಹೋಗಿರುತ್ತಾನೆ. ಮುಂದಿನವನು ಸಿಕ್ಕಿಬಿದ್ದ ಸದ್ದು ಕೇಳಿದ ಕೂಡಲೇ ನೀವು ಹೊರಗೆ ಬರಬೇಕು. ಅವನು ಬಿದ್ದ ಮೇಲೆ ಯೋಚನೆ ಮಾಡುತ್ತಾ ನಿಂತರೆ ಆ ಅವಕಾಶ ಹೋಯಿತು.

ಒಂದು ಜಾಗ ಕಾಯುವಾಗ ಇಬ್ಬರೂ ಒಂದೇ ಪೆಟ್ಟಿಗೆಯ ಹಿಂದೆ ಕೂರಬೇಡಿ. ಬೇರೆ ಬೇರೆ ಕಡೆ ನಿಂತು ಒಂದೇ ದಾರಿಯನ್ನು ನೋಡಿ. ಒಬ್ಬನ ಕಡೆ ತಿರುಗಿದ ಎದುರಾಳಿ ಇನ್ನೊಬ್ಬನಿಗೆ ಪಕ್ಕೆ ಕೊಟ್ಟಿರುತ್ತಾನೆ. ಕ್ರಾಸ್‌ಫೈರ್ ಅನ್ನುವುದು ಇಷ್ಟೇ.

ಓವರ್‌ವಾಚ್ ಥರದ ಆಟದಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಜಗಳ ಸೋತಾಯಿತು, ಮೂವರು ಸತ್ತಿದ್ದಾರೆ, ಉಳಿದ ಇಬ್ಬರು ಪಾಯಿಂಟ್ (ಹಿಡಿದಿಟ್ಟುಕೊಳ್ಳಬೇಕಾದ ಜಾಗ) ಬಿಡಲು ಮನಸ್ಸಿಲ್ಲದೆ ಅಲ್ಲೇ ಹೋರಾಡಿ ತಡವಾಗಿ ಸಾಯುತ್ತಾರೆ. ಸತ್ತವರು ಮತ್ತೆ ಬರುವಷ್ಟರಲ್ಲಿ ಇವರು ಇಲ್ಲ, ಇವರು ಬರುವಷ್ಟರಲ್ಲಿ ಅವರು ಮತ್ತೆ ಒಬ್ಬೊಬ್ಬರಾಗಿ ಹೋಗಿ ಸತ್ತಿರುತ್ತಾರೆ. ಸೋತ ಜಗಳವನ್ನು ಬೇಗ ಬಿಟ್ಟು ಹಿಂದೆ ಬನ್ನಿ, ಐವರೂ ಸೇರಿ ಹೋಗಿ. ಅಲ್ಟಿಮೇಟ್‌ಗಳದ್ದೂ (ಪಾತ್ರದ ಅತಿ ದೊಡ್ಡ ಶಕ್ತಿ) ಇದೇ ಕಥೆ: ಈಗಾಗಲೇ ಗೆದ್ದ ಅಥವಾ ಸೋತ ಜಗಳಕ್ಕೆ ಅದನ್ನು ಸುರಿಯಬೇಡಿ.

ಹಂತ 7: ದುಡ್ಡಿನ ಲೆಕ್ಕ

ಈ ಆಟಗಳಲ್ಲಿ ಪ್ರತಿ ರೌಂಡ್‌ನ ಮೊದಲು ಆಟದೊಳಗಿನ ಹಣದಿಂದ ಗನ್, ಶೀಲ್ಡ್ ಕೊಳ್ಳಬೇಕು. ಇದರ ಲೆಕ್ಕ ಅರ್ಥ ಮಾಡಿಕೊಳ್ಳದೆ ಆಡುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ, ಯಾಕೆಂದರೆ ಇದಕ್ಕೆ ಕೈಚಳಕ ಬೇಡ, ಕೂಡಿಸುವ ಲೆಕ್ಕ ಬಂದರೆ ಸಾಕು.

ವ್ಯಾಲರೆಂಟ್ ತೆಗೆದುಕೊಳ್ಳಿ. ಮೊದಲ ರೌಂಡ್‌ಗೆ 800 ಕ್ರೆಡಿಟ್ಸ್. ಸೋತರೆ 1900, ಸತತ ಎರಡನೇ ಸಲ ಸೋತರೆ 2400, ಆಮೇಲೆ 2900. ಗೆದ್ದರೆ 3000. ಒಂದು ಕಿಲ್‌ಗೆ 200. ವ್ಯಾಂಡಲ್ 2900, ಹೆವಿ ಶೀಲ್ಡ್ 1000, ಸೇರಿ 3900. ಈಗ ಪಿಸ್ತೂಲ್ ರೌಂಡ್ (ಮೊದಲ ರೌಂಡ್) ಸೋತಿರಿ, ಕೈಯಲ್ಲಿ ಸುಮಾರು 1900 ಇದೆ ಅನ್ನಿ. ಎರಡನೇ ರೌಂಡ್‌ನಲ್ಲಿ ಅದನ್ನು ಪೂರ್ತಿ ಖರ್ಚು ಮಾಡಿ ಸೋತರೆ ಮೂರನೇ ರೌಂಡ್‌ಗೆ 2400 ಮಾತ್ರ, ಒಂದು ವ್ಯಾಂಡಲ್ ಕೂಡ ಬರುವುದಿಲ್ಲ. ಎರಡನೇ ರೌಂಡ್ ಉಳಿಸಿದ್ದರೆ 4300 ಇರುತ್ತಿತ್ತು. ಅಂದರೆ ಪೂರ್ತಿ ಖರೀದಿ, ಮೇಲೆ ಎಬಿಲಿಟಿಗೂ (ಪಾತ್ರದ ವಿಶೇಷ ಶಕ್ತಿಗಳಿಗೂ) ಸ್ವಲ್ಪ. ಖರೀದಿ ಪರದೆಯಲ್ಲೇ ಮುಂದಿನ ರೌಂಡ್‌ಗೆ ಕಡಿಮೆ ಅಂದರೂ ಎಷ್ಟು ಸಿಗುತ್ತೆ ಅಂತ ತೋರಿಸುತ್ತದೆ. ಆ ಸಂಖ್ಯೆ 3900ಕ್ಕಿಂತ ಕೆಳಗೆ ಇಳಿಯದ ಹಾಗೆ ಖರ್ಚು ಮಾಡಿ.

ಕೌಂಟರ್-ಸ್ಟ್ರೈಕ್‌ನಲ್ಲಿ ಸಂಖ್ಯೆಗಳು ಬೇರೆ, ತರ್ಕ ಅದೇ. ಸೋತಾಗ ಸಿಗುವ ಹಣ 1400ರಿಂದ 500ರಂತೆ ಏರುತ್ತಾ 3400ರವರೆಗೆ ಹೋಗುತ್ತದೆ. ಎಕೆ 2700, ಎಡಬ್ಲ್ಯೂಪಿ ಸ್ನೈಪರ್ 4750, ಹೆಲ್ಮೆಟ್ ಸಮೇತ ಆರ್ಮರ್ 1000. ಕಾಯುವ ತಂಡದಲ್ಲಿದ್ದರೆ 400ರ ಡಿಫ್ಯೂಸ್ ಕಿಟ್ ಮರೆಯಬೇಡಿ. ಕಿಟ್ ಇದ್ದರೆ ಬಾಂಬ್ ಬಿಚ್ಚಲು 5 ಸೆಕೆಂಡ್, ಇಲ್ಲದಿದ್ದರೆ 10. ಬಾಂಬ್ ಸಿಡಿಯುವುದು 40 ಸೆಕೆಂಡ್‌ಗೆ.

ಎಲ್ಲಕ್ಕಿಂತ ಕೆಟ್ಟದ್ದು ತಂಡದಲ್ಲಿ ಇಬ್ಬರು ಪೂರ್ತಿ ಖರೀದಿ ಮಾಡಿ ಮೂವರು ಉಳಿಸುವುದು. ಆ ರೌಂಡೂ ಹೋಗುತ್ತದೆ, ಮುಂದಿನದೂ ಹೋಗುತ್ತದೆ. ಎಲ್ಲರೂ ಕೊಳ್ಳಿ, ಇಲ್ಲವೇ ಎಲ್ಲರೂ ಉಳಿಸಿ. ನೀವೊಬ್ಬರೇ ಶ್ರೀಮಂತರಾಗಿದ್ದರೆ ಜೊತೆಗಾರನಿಗೆ ಒಂದು ಗನ್ ಕೊಂಡು ಕೊಡಿ.

ಹಾಗೇ, ಗೆಲ್ಲಲಾಗದ ರೌಂಡ್‌ನಲ್ಲಿ ಗನ್ ಉಳಿಸಿಕೊಳ್ಳುವುದು ಹೇಡಿತನ ಅಲ್ಲ. ಒಬ್ಬರೇ ಉಳಿದಿದ್ದೀರಿ, ಎದುರಿಗೆ ನಾಲ್ವರು, ಬಾಂಬ್ ಇಟ್ಟಾಗಿದೆ, ಕಿಟ್ ಇಲ್ಲ, 12 ಸೆಕೆಂಡ್ ಉಳಿದಿದೆ. ಲೆಕ್ಕ ಹಾಕಿ, ಸಾಧ್ಯವೇ ಇಲ್ಲ. ದೂರ ಹೋಗಿ ಬದುಕಿಕೊಳ್ಳಿ, ಆ ರೈಫಲ್ ಮುಂದಿನ ರೌಂಡ್‌ಗೆ ಬೇಕು.

ಹಂತ 8: ಸ್ಮೋಕ್, ಫ್ಲ್ಯಾಶ್, ಮಾತು

ಜೇಬಲ್ಲಿ ಎಲ್ಲ ಗ್ರೆನೇಡ್ ಇಟ್ಟುಕೊಂಡು ಸಾಯುವುದು ತೀರಾ ಸಾಮಾನ್ಯ. ಪ್ರತಿ ಮ್ಯಾಪ್‌ಗೂ ಇಪ್ಪತ್ತು ಲೈನಪ್ (ಗ್ರೆನೇಡ್ ಎಲ್ಲಿ ನಿಂತು ಎಲ್ಲಿಗೆ ಗುರಿಯಿಟ್ಟು ಎಸೆಯಬೇಕು ಅನ್ನುವುದು) ಕಲಿಯುವ ಅಗತ್ಯ ಇಲ್ಲ. ದಾಳಿಗೆ ಎರಡು ಸ್ಮೋಕ್ (ನೋಟ ಮರೆಮಾಡುವ ಹೊಗೆ), ಒಂದು ಫ್ಲ್ಯಾಶ್. ಕಾಯುವಾಗ ತಡೆಯಲು ಒಂದು ಸ್ಮೋಕ್ ಅಥವಾ ಮಾಲೊಟೊವ್. ಮೊದಲ ತಿಂಗಳಿಗೆ ಇಷ್ಟು ಸಾಕು. ಕೌಂಟರ್-ಸ್ಟ್ರೈಕ್ ಆಡುವವರಿಗೆ ಎರಡು ಉಪಯುಕ್ತ ವಿಷಯ: ಸ್ಮೋಕ್ ಬಿದ್ದರೆ ಮಾಲೊಟೊವ್ ಬೆಂಕಿ ಆರಿಹೋಗುತ್ತದೆ, ಮತ್ತು ಸ್ಮೋಕ್ ಒಳಗೆ ಎಚ್‌ಇ (ಸಿಡಿಯುವ) ಗ್ರೆನೇಡ್ ಎಸೆದರೆ ಒಂದು ಕ್ಷಣ ಹೊಗೆ ಚದುರಿ ಆಚೆ ಕಾಣುತ್ತದೆ. ಈ ಎರಡನೇದು 2023ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಸೇರಿದ್ದು. ಹಾಗಾಗಿ ಸ್ಮೋಕ್ ಹಿಂದೆ ಇದ್ದೀನಿ ಅಂತ ನಿಶ್ಚಿಂತೆಯಿಂದ ನಿಲ್ಲಬೇಡಿ.

ಫ್ಲ್ಯಾಶ್ ಹಾಕುವ ಮೊದಲು ಹೇಳಿ, ಹಾಕಿದ ಮೇಲೆ ಬಳಸಿಕೊಳ್ಳಿ. ಫ್ಲ್ಯಾಶ್ ಸಿಡಿದು ಎರಡು ಸೆಕೆಂಡ್ ಆದ ಮೇಲೆ ಒಳಗೆ ಹೋದರೆ ಆ ಫ್ಲ್ಯಾಶ್ ದಂಡ.

ಮಾತಿನ ವಿಚಾರ. ಒಳ್ಳೆಯ ಕಾಲ್‌ಔಟ್‌ನಲ್ಲಿ ಮೂರೇ ಅಂಶ ಇರುತ್ತವೆ: ಎಲ್ಲಿ, ಎಷ್ಟು ಜನ, ಯಾವ ಸ್ಥಿತಿಯಲ್ಲಿ. "ಮಿಡ್‌ನಲ್ಲಿ (ಮ್ಯಾಪ್‌ನ ನಡುಭಾಗ) ಇಬ್ಬರು, ಒಬ್ಬನಿಗೆ 80 ಪೆಟ್ಟು ಬಿದ್ದಿದೆ" ಅಂದರೆ ಮುಗಿಯಿತು. "ಅಯ್ಯೋ ಅಲ್ಲಿದ್ದಾನೆ, ಅಲ್ಲೇ, ಛೆ, ಹೇಗೆ ಸತ್ತೆ ನೋಡು" ಅನ್ನುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಸತ್ತವರು ಮಾಹಿತಿ ಕೊಟ್ಟು ಸುಮ್ಮನಾಗಬೇಕು. ಕೊನೆಯಲ್ಲಿ ಒಬ್ಬನೇ ಆಡುತ್ತಿರುವಾಗ ನಾಲ್ವರು ಕಿವಿಯಲ್ಲಿ ಸಲಹೆ ಕೊಟ್ಟರೆ ಅವನಿಗೆ ಹೆಜ್ಜೆ ಸದ್ದೇ ಕೇಳುವುದಿಲ್ಲ, ಅಲ್ವಾ? ಯಾರಾದರೂ ಬೈಯಲು ಶುರು ಮಾಡಿದರೆ ವಾದ ಮಾಡದೆ ಮ್ಯೂಟ್ ಮಾಡಿ, ಮ್ಯಾಪ್‌ನಲ್ಲಿ ಗುರುತು ಹಾಕುವ ಪಿಂಗ್ ಮೂಲಕ ಅವನಿಗೂ ಮಾಹಿತಿ ಕೊಡುತ್ತಿರಿ.

ಹಂತ 9: ಮುಂದಿದ್ದಾಗ ಕೈಚೆಲ್ಲಬೇಡಿ

5ಕ್ಕೆ 3 ಇದ್ದಾಗ ಸೋಲುವ ರೌಂಡ್‌ಗಳು ತುಂಬಾ ನೋವು ಕೊಡುತ್ತವೆ. ಕಾರಣ ಹೆಚ್ಚು ಕಡಿಮೆ ಒಂದೇ: ಇನ್ನೊಂದು ಕಿಲ್ ಸಿಗುತ್ತೆ ಅಂತ ಒಬ್ಬೊಬ್ಬರೇ ಹುಡುಕಿಕೊಂಡು ಹೋಗುವುದು. ಸಂಖ್ಯೆ ನಿಮ್ಮ ಕಡೆ ಇದ್ದಾಗ ಜೋಡಿಯಾಗಿ ಇರಿ, ಸಮಯ ನಿಮ್ಮ ಪರ ಓಡಲಿ, ಅವರೇ ಬರಲಿ. ಸಂಖ್ಯೆ ಕಡಿಮೆ ಇದ್ದಾಗ ಮಾತ್ರ ಧೈರ್ಯ ಮಾಡಿ ಒಬ್ಬನನ್ನು ಒಂಟಿಯಾಗಿ ಹಿಡಿಯಲು ನೋಡಬೇಕು.

ಸ್ಪೈಕ್ (ವ್ಯಾಲರೆಂಟ್‌ನ ಬಾಂಬ್) ಇಟ್ಟ ಮೇಲೂ ಹಾಗೇ. ವ್ಯಾಲರೆಂಟ್‌ನಲ್ಲಿ ಸ್ಪೈಕ್ 45 ಸೆಕೆಂಡ್‌ಗೆ ಸಿಡಿಯುತ್ತದೆ, ಬಿಚ್ಚಲು 7 ಸೆಕೆಂಡ್ ಬೇಕು, ಅರ್ಧ ಬಿಚ್ಚಿ ಬಿಟ್ಟರೆ ಆ ಅರ್ಧ ಹಾಗೇ ಉಳಿಯುತ್ತದೆ. ಬಿಚ್ಚುವ ಸದ್ದು ಕೇಳಿದ ತಕ್ಷಣ ಓಡಿ ಬರಬೇಡಿ, ಎಷ್ಟೋ ಸಲ ಅದು ನಿಮ್ಮನ್ನು ಹೊರಗೆ ಎಳೆಯಲು ಹೂಡಿದ ಆಟ. ಆದರೆ ಅರ್ಧ ದಾಟಿದೆ ಅನ್ನಿಸಿದರೆ ಮತ್ತೆ ತಡ ಮಾಡುವಂತಿಲ್ಲ. ಮನಸ್ಸಿನಲ್ಲೇ ಸೆಕೆಂಡ್ ಎಣಿಸುವ ಅಭ್ಯಾಸ ಮಾಡಿಕೊಳ್ಳಿ.

ಹಂತ 10: ತಲೆ ಬಿಸಿ ಆದಾಗ

ಸತತ ಎರಡು ಆಟ ಸೋತರೆ ಎದ್ದುಬಿಡಿ. ನೀರು ಕುಡಿಯಿರಿ, ಸ್ವಲ್ಪ ನಡೆದಾಡಿ. ಮೂರನೇ ಆಟ ಆಡಲೇಬೇಕು ಅನ್ನಿಸಿದರೆ ರ‍್ಯಾಂಕ್ ಇಲ್ಲದ ಮೋಡ್‌ಗೆ ಹೋಗಿ. ಹೋದ ಪಾಯಿಂಟ್ ವಾಪಸ್ ತಗೋಬೇಕು ಅಂತ ರಾತ್ರಿ ಎರಡು ಗಂಟೆಯವರೆಗೆ ಆಡಿದ ದಿನಗಳಲ್ಲಿ ನಾನು ಒಂದು ಸಲವೂ ಅದನ್ನು ವಾಪಸ್ ತಗೊಂಡಿಲ್ಲ, ಇನ್ನಷ್ಟು ಕಳೆದುಕೊಂಡೇ ಮಲಗಿದ್ದೇನೆ.

ವಾರದ ಕೆಲಸ ಹೀಗಿರಲಿ

ದಿನಕ್ಕೆ ಒಂದೂವರೆ ಗಂಟೆ ಇದೆ ಅಂದುಕೊಳ್ಳಿ. ಮೊದಲ 10 ನಿಮಿಷ ಖಾಲಿ ಮ್ಯಾಪ್‌ನಲ್ಲಿ ಕ್ರಾಸ್‌ಹೇರ್ ನಡಿಗೆ. ಆಮೇಲೆ 10 ನಿಮಿಷ ಡೆತ್‌ಮ್ಯಾಚ್ (ಸತ್ತ ತಕ್ಷಣ ಮತ್ತೆ ಹುಟ್ಟಿ ಬಂದು ಬರೀ ಹೊಡೆದಾಡುವ ಮೋಡ್), ಅಲ್ಲಿ ಕಿಲ್ ಎಣಿಸಬೇಡಿ, ನಿಂತು ಹೊಡೆದೆನಾ ಅಂತ ಮಾತ್ರ ಗಮನಿಸಿ. ಮುಂದೆ ಒಂದೇ ರ‍್ಯಾಂಕ್ಡ್ ಆಟ, ಪೂರ್ತಿ ಗಮನ ಕೊಟ್ಟು. ಆಡುವ ಮೊದಲು ಈ ವಾರದ ಒಂದು ತಪ್ಪನ್ನು ಚೀಟಿಯಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿ. ನನ್ನದರಲ್ಲಿ "ಟ್ರೇಡ್ ಯಾರು ಮಾಡ್ತಾರೆ?" ಅಂತ ಇತ್ತು.

ಉಳಿದ ಹತ್ತು ಹದಿನೈದು ನಿಮಿಷ ರಿಪ್ಲೇ ನೋಡಿ. ಕೌಂಟರ್-ಸ್ಟ್ರೈಕ್‌ನಲ್ಲಿ ಆಟದ ಡೆಮೊ (ರೆಕಾರ್ಡಿಂಗ್) ಇಳಿಸಿಕೊಳ್ಳಬಹುದು, ವ್ಯಾಲರೆಂಟ್‌ಗೂ 2025ರಲ್ಲಿ ರಿಪ್ಲೇ ಬಂತು. ಪೂರ್ತಿ ಪಂದ್ಯ ಬೇಡ, ನಿಮ್ಮ ಸಾವುಗಳನ್ನು ಮಾತ್ರ ನೋಡಿ, ಪ್ರತಿ ಸಾವಿಗೂ ಹತ್ತು ಸೆಕೆಂಡ್ ಹಿಂದೆ ಹೋಗಿ ಅಲ್ಲಿಂದ ಶುರು ಮಾಡಿ. ಸತ್ತ ಗಳಿಗೆ ಮುಖ್ಯ ಅಲ್ಲ, ಆ ಹತ್ತು ಸೆಕೆಂಡ್‌ನಲ್ಲಿ ಯಾವ ಹೆಜ್ಜೆ ಇಟ್ಟಾಗ ಬೇರೆ ದಾರಿ ಇತ್ತು ಅನ್ನುವುದನ್ನು ಹುಡುಕಿ. ಆಮೇಲೆ ಒಮ್ಮೆ ಕೊಂದವನ ಕಣ್ಣಿನಿಂದಲೂ ನೋಡಿ. ನೀವು ಅವನಿಗೆ ಎಷ್ಟು ಮೊದಲೇ ಕಂಡಿದ್ದೀರಿ, ನಿಮ್ಮ ಹೆಜ್ಜೆ ಸದ್ದು ಅವನಿಗೆ ಎಲ್ಲಿಂದ ಕೇಳಿತು, ಅವನು ಯಾಕೆ ಆ ಕಡೆಗೇ ತಿರುಗಿದ, ಎಲ್ಲ ಅಲ್ಲಿ ಕಾಣುತ್ತದೆ.

ಎರಡು ವಾರ ಆದ ಮೇಲೆ ಮತ್ತೆ 5 ಆಟಗಳ ಪಟ್ಟಿ ಬರೆಯಿರಿ, ಹಳೆಯದರ ಪಕ್ಕ ಇಟ್ಟು ಎಣಿಸಿ. ಹಿಡಿದುಕೊಂಡ ತಪ್ಪು ಅರ್ಧಕ್ಕೆ ಇಳಿದಿದ್ದರೆ ಚೀಟಿ ಬದಲಾಯಿಸಿ, ಪಟ್ಟಿಯಲ್ಲಿ ಮುಂದೆ ಯಾವುದು ಜಾಸ್ತಿ ಇದೆಯೋ ಅದನ್ನು ಬರೆಯಿರಿ. ಇಳಿದಿಲ್ಲ ಅಂದರೆ ಅದೇ ಚೀಟಿ ಇನ್ನೆರಡು ವಾರ ಅಲ್ಲೇ ಇರಲಿ.